ಮೊಬೈಲ್ ಪರದೆಯ ಮೇಲೆ ಕ್ರೌನ್-ಪಿನಿಯನ್

ಘಟಪ್ರಭೆ-ಕೃಷ್ಣೆಯರ ನೀರು ಕಾಲುವೆ ಹಾಗೂ ಏತ ನೀರಾವರಿಯ ಮೂಲಕ ಹೊಲ ಹೊಕ್ಕು, ಬಿಳಿಜೋಳದ ಎರೆಭೂಮಿಯನ್ನು ಕಬ್ಬು ಕ್ರಮೇಣ ಆಕ್ರಮಿಸಿ, ಸಮೀರವಾಡಿಯೇ ಮೊದಲಾದ ಸ್ಥಳಗಳಲ್ಲಿ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದ ತರುವಾಯ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ರೈತನಿಗೆ ಜೋಡಿ ಟ್ರೇಲರುಗಳನ್ನು ಜಗ್ಗಬಲ್ಲ ಯಂತ್ರವು ಅನಿವಾರ್ಯವಾಯಿತು. ಆ ಕಾರ್ಯದಲ್ಲಿ ಹೆಸರು ಗಳಿಸಿದವುಗಳಲ್ಲಿ ಎಚ್‌ಎಂಟಿ 5911 ಟ್ರ್ಯಾಕ್ಟರ್ ಪ್ರಮುಖವಾದುದು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್‌ಎಂಟಿ ಎಂಬ ಸರ್ಕಾರಿ ಸಂಸ್ಥೆಯು, ಜೆಕೊಸ್ಲೊವಾಕಿಯದ ಜೆಟರ್ ತಂತ್ರಜ್ಞಾನವನ್ನು ಸ್ವೀಕರಿಸಿ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ನಿರ್ಮಾಣವನ್ನಾರಂಭಿಸಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು ಸಮ್ಮತಿಸಿತು.

ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಿತೆಂದು ಕಬ್ಬಿನ ಹಂಗಾಮು ನಿಲ್ಲುವುದಿಲ್ಲ. ಕಡಿದ ಕಬ್ಬು ಒಣಗುತ್ತ ತೂಕ ಕಳೆದುಕೊಳ್ಳುತ್ತಿರುವಾಗ ದಾರಿಯಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರಿನ ಯಜಮಾನನಿಗೆ, ಹಲವೊಮ್ಮೆ ಗುಜರಿಯಲ್ಲಿ ಬಿಚ್ಚಿಟ್ಟ ಹಳೆಯ ಗಾಡಿಯ ಸಾಮಾನೇ ಗತಿ. ಹಿಂದೆಲ್ಲ ಆತನು ಮೇಸ್ತ್ರಿಯನ್ನು ಜೊತೆಗೆ ಕರೆದೊಯ್ದು, ಹಲ್ಲುಚಕ್ರದ ಹಲ್ಲುಗಳ ಮೇಲೆ ಬೆರಳಾಡಿಸಿ, ಬೇರಿಂಗ್ ತಿರುಗಿಸಿ ಕಿವಿಗೊಟ್ಟು, ಅನಂತರವೇ ಚೌಕಾಶಿಗಿಳಿಯುತ್ತಿದ್ದನು. ಸಾಮಾನು ಕೈಕೊಟ್ಟರೆ ಮುಂದಿನ ಸಂತೆಯಲ್ಲಿ ಮಾರಿದವನ ಮುಖ ಕಾಣಬಹುದಿತ್ತು. ಆ ಭಯವೇ ವ್ಯವಹಾರಕ್ಕೆ ಜಾಮೀನಾಗಿತ್ತು.

ಮೊಬೈಲು ಬಂದು ಪೇಟೆಯ ಎಲ್ಲೆಯನ್ನು ಅಳಿಸಿತು. ಜಾಮೀನೂ ಅದರೊಡನೆಯೇ ಅಳಿಯಿತು. ಪರರಾಜ್ಯದ ಗುಜರಿಯಲ್ಲಿರುವ ಕ್ರೌನ್-ಪಿನಿಯನ್ನಿನ ಚಿತ್ರವು ಬನಹಟ್ಟಿಯ ಗ್ಯಾರೇಜಿಗೆ ಕ್ಷಣಾರ್ಧದಲ್ಲಿ ತಲಪುವುದೇನೋ ನಿಜ. ಆದರೆ ಕ್ರೌನ್ ಮತ್ತು ಪಿನಿಯನ್ ಎಂಬ ಈ ಎರಡು ಹಲ್ಲುಚಕ್ರಗಳನ್ನು ತಯಾರಿಕೆಯಲ್ಲಿಯೇ ಒಂದಕ್ಕೊಂದು ಕೂಡುವಂತೆ ಉಜ್ಜಿ, ಜೋಡಿಯ ಗುರುತಿಗೆಂದು ಎರಡರ ಮೇಲೂ ಒಂದೇ ಸಂಖ್ಯೆಯನ್ನು ಕೆತ್ತಿರುವುದು ವಾಡಿಕೆ. ಒಂದು ಗಾಡಿಯ ಕ್ರೌನಿಗೆ ಇನ್ನೊಂದರ ಪಿನಿಯನ್ ಕೂಡಿಸಿದರೆ, ಲೋಡು ಬಿದ್ದೊಡನೆ ಸದ್ದೆದ್ದು, ಹಲ್ಲುಗಳು ಅಕಾಲದಲ್ಲಿ ಸವೆಯುತ್ತವೆ. ಚಿತ್ರದಲ್ಲಿ ಎಣ್ಣೆ ಹಚ್ಚಿದ ಹೊಳಪು ಕಾಣುತ್ತದೆಯೇ ಹೊರತು ಆ ಸಂಖ್ಯೆಯಾಗಲಿ, ಹಲ್ಲಿನ ಬುಡದ ಸೀಳಾಗಲಿ ಕಾಣುವುದಿಲ್ಲ. ಮುಂಗಡ ಹೋದ ಮೇಲೆ ಲಾರಿಯಲ್ಲಿ ಬಂದಿಳಿದ ಭಾರದ ಪಾರ್ಸೆಲನ್ನು ಮರಳಿಸುವುದೆಂದರೆ ಬಾಡಿಗೆಯೂ ಕೈಬಿಟ್ಟಂತೆ.

ಮಾರುವವನ ಸಂಕಟವೂ ಅಲ್ಪವಲ್ಲ. ದಿನವೆಲ್ಲ ಅಪರಿಚಿತರು ಕರೆಮಾಡಿ, ಯಾವ ಮಾಡೆಲ್ಲೆಂದು ಕೇಳದೆಯೇ, "ಲಾಸ್ಟ್ ಎಷ್ಟಕ್ಕ ಕೊಡ್ತೀರ್ರಿ?" ಎನ್ನುತ್ತಾರೆ, ನಾಳೆ ಬರುವೆನೆಂದವನು ಬಾರನು, ಕೊಳ್ಳುವವನ ಸೋಗಿನಲ್ಲಿ ಬಂದ ವಂಚಕನು, ಹಣ ಕಳುಹಿಸಿದ್ದೇನೆ, ಈ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆಂದು ನಂಬಿಸಿ, ಇದ್ದ ಹಣವನ್ನೂ ದೋಚುತ್ತಾನೆ.

ದೂರದ ಸಾಮಾನು ಬೇಡವೆನ್ನುವ ಕಾಲ ಇದಲ್ಲ. ತಯಾರಿಕೆ ನಿಂತುಹೋದ ಯಂತ್ರಕ್ಕೆ ಅನ್ಯಮಾರ್ಗವೂ ಸುಲಭವಲ್ಲ. ಆದುದರಿಂದ ಕೊಳ್ಳುವವರು ಜೋಡಿಯ ಸಂಖ್ಯೆ ಸ್ಪಷ್ಟವಾಗಿ ಕಾಣುವ ಚಿತ್ರವನ್ನು ಕೇಳಿ ಪಡೆದು, ಹಲ್ಲುಗಳನ್ನೆಣಿಸಿ, ತಮ್ಮ ಮೇಸ್ತ್ರಿಗೆ ತೋರಿಸಿಯೇ ಮುಂಗಡ ಕೊಡಲಿ. ಮಾರುವವರು ಸೀಳು-ಸವೆತಗಳನ್ನು ಮೊದಲೇ ಹೇಳಿಬಿಡಲಿ. ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲವೆಂಬುದನ್ನು ಉಭಯರೂ ನೆನಪಿಡತಕ್ಕದ್ದು. ಮೋಸಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡತಕ್ಕದ್ದು.