ಹೊಲದ ಮಣ್ಣು ಕುಂಡಕ್ಕೆ ಒಗ್ಗದು

ಬೆಂಗಳೂರಿನಲ್ಲಿರುವ ಮಗಳು ಹೋದ ವರ್ಷ ಬಾಲ್ಕನಿಯಲ್ಲಿ ದೊಡ್ಡಪತ್ರೆ, ತುಳಸಿ, ಪುದೀನ ಬೆಳೆಸ್ತೀನಿ ಅಂದಳು. ಮೊಮ್ಮಗನಿಗೆ ಕೆಮ್ಮು-ನೆಗಡಿ ಬಂದಾಗ ಕೈಗೆ ಸಿಗಲಿ ಅಂತ. ನಾನು ಹುರುಪಿನಿಂದ ನಮ್ಮ ಕಡ್ಲೆಕಾಯಿ ಹೊಲದ ಕೆಂಪು ಮಣ್ಣು ಮೂರು ಚೀಲ ತುಂಬಿ ಬಸ್ಸಿಗೆ ಹಾಕಿಕೊಂಡು ಹೋದೆ. ಎರಡೇ ತಿಂಗಳಲ್ಲಿ ಪುದೀನ ಕೊಳೆಯಿತು, ತುಳಸಿ ಹಳದಿಯಾಗಿ ಎಲೆ ಉದುರಿತು. "ನನ್ನ ಕೈಗುಣವೇ ಸರಿಯಿಲ್ಲಪ್ಪಾ" ಅಂದಳು. ಕುಂಡ ಬೋರಲು ಹಾಕಿ ನೋಡಿದೆ. ಮೇಲೆ ಇಟ್ಟಿಗೆಯಂತೆ ಗಟ್ಟಿ, ತಳದಲ್ಲಿ ಕೆಸರು, ಬೇರು ಕಪ್ಪು. ತಪ್ಪು ಅವಳದಲ್ಲ, ನಾನು ಹೊತ್ತುಕೊಂಡು ಹೋದ ಮಣ್ಣಿನದು.

ಯಾಕೆ ಹೀಗಾಗುತ್ತೆ?

ಹೊಲದಲ್ಲಿ ನೀರು ಆಳಕ್ಕೆ ಇಳಿದು ಹೋಗುತ್ತೆ. ಎರೆಹುಳ, ಹಳೇ ಬೇರು ದಾರಿ ಮಾಡಿರುತ್ತವೆ. ಕುಂಡಕ್ಕೆ ಎಂಟು ಇಂಚಿಗೇ ತಳ ಬಂತು. ದಿನಾ ನೀರು ಹಾಕಿದಂತೆ ಸಣ್ಣ ಜೇಡಿ ಕಣ ಕೆಳಗಿಳಿದು ಸಂದುಗಳನ್ನೆಲ್ಲ ಮುಚ್ಚುತ್ತೆ. ಬೇರಿಗೆ ಗಾಳಿ ಇಲ್ಲದೆ ಕೊಳೆಯುತ್ತೆ. ತಳಕ್ಕೆ ಜಲ್ಲಿ ಹಾಕಿದರೂ ಮೇಲಿನ ಮಣ್ಣು ನೀರು ಹಿಡಿದುಕೊಂಡೇ ಇರುತ್ತೆ. ತೂತು ಮುಖ್ಯ. ಅದರ ಮೇಲೊಂದು ಹೆಂಚಿನ ಚೂರು ಇಟ್ಟರೆ ಸಾಕು.

ಮಣ್ಣಿನ ಲೆಕ್ಕ

ಈಗ ನಾನು ಬೆರೆಸೋದು ಹೀಗೆ: ಕೆಂಪು ಮಣ್ಣು 2 ಬಾಂಡ್ಲಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1, ತೆಂಗಿನ ನಾರಿನ ಪುಡಿ 1, ದಪ್ಪ ಮರಳು 1. ಮೇಲೆ ಎರಡು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಎರಡು ಮೂರು ನೀರಲ್ಲಿ ತೊಳೆದು ಹಿಂಡಬೇಕು, ಅದರಲ್ಲಿ ಉಪ್ಪಿನಂಶ ಇರುತ್ತೆ. ಹಸಿ ಸಗಣಿ ಬೇಡವೇ ಬೇಡ, ಬೇರು ಸುಡುತ್ತೆ.

ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆ ನಿಂತು, ಬೆರಳು ತಾಗಿಸಿದ ಕೂಡಲೇ ಉದುರಿದರೆ ಹದ ಸರಿ. ಉದುರದಿದ್ದರೆ ಇನ್ನಷ್ಟು ಮರಳು, ನಾರಿನ ಪುಡಿ ಹಾಕಿ.

ಯಾವ ಗಿಡಕ್ಕೆ ಎಂಥ ಕುಂಡ?

ಕೊತ್ತಂಬರಿ, ಮೆಂತ್ಯಕ್ಕೆ 6 ಇಂಚು ಆಳದ ಅಗಲ ತಟ್ಟೆ ಸಾಕು. ಕೊತ್ತಂಬರಿ ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಅಲ್ಲೇ ಬಿತ್ತಿ, ಕಿತ್ತು ನೆಟ್ಟರೆ ಏಳದು. ದೊಡ್ಡಪತ್ರೆಗೆ 8 ಇಂಚು. ತುಳಸಿ, ಮಜ್ಜಿಗೆ ಹುಲ್ಲಿಗೆ 12 ಇಂಚು. ಕರಿಬೇವಿಗೆ 18 ಇಂಚು ಬೇಕು. ಪುದೀನ ಬಳ್ಳಿ ಹರಿದು ಪಕ್ಕದ ಗಿಡವನ್ನು ನುಂಗುತ್ತೆ, ಅದಕ್ಕೆ ಬೇರೆಯದೇ ಅಗಲ ಕುಂಡ ಕೊಡಿ. ಒಂದೆಲಗಕ್ಕೆ ಅರೆನೆರಳು, ಸದಾ ತೇವ ಬೇಕು. ದೊಡ್ಡಪತ್ರೆಗೆ ಅಷ್ಟು ನೀರು ಕೊಟ್ಟರೆ ಸತ್ತೇ ಹೋಗುತ್ತೆ. ಆದ್ದರಿಂದ ಇವೆರಡನ್ನೂ ಒಂದೇ ಕುಂಡದಲ್ಲಿ ಇಡಬಾರದು.

ಮಣ್ಣಿನ ಕುಂಡ ಬೇಗ ಒಣಗುತ್ತೆ, ಪ್ಲಾಸ್ಟಿಕ್ ತೇವ ಹಿಡಿಯುತ್ತೆ. ನೀರು ಬೇಡುವ ಪುದೀನಕ್ಕೆ ಪ್ಲಾಸ್ಟಿಕ್, ದೊಡ್ಡಪತ್ರೆಗೆ ಮಣ್ಣಿನದು ಒಳ್ಳೇದು. 12 ಇಂಚಿನ ಕುಂಡ ಬರೀ ಹೊಲದ ಮಣ್ಣಿಂದ ತುಂಬಿ ನೆನೆದರೆ 25 ಕೆಜಿ ದಾಟುತ್ತೆ. ಅದನ್ನು ಬಾಲ್ಕನಿಯ ಕಟ್ಟೆ ಮೇಲೆ ಇಡಬೇಡಿ, ಒಳಗೆ ಗೋಡೆ ಬುಡದಲ್ಲಿ ನೆಲಕ್ಕಿಡಿ.

ನೀರು

ಗಡಿಯಾರ ನೋಡಿ ನೀರು ಹಾಕೋದಲ್ಲ. ಬೆರಳನ್ನು ಒಂದು ಗೆಣ್ಣು ಮಣ್ಣಿಗೆ ಊರಿ, ಒಣಗಿದ್ದರೆ ಮಾತ್ರ ಹಾಕಿ. ಬೋರಿನ ಗಡಸು ನೀರಿನಿಂದ ಮೇಲೆ ಬಿಳಿ ಪೊರೆ ಕಟ್ಟಿದರೆ, ಅದನ್ನು ಕೆರೆದು ಮಳೆ ನೀರು ಧಾರಾಳವಾಗಿ ಹರಿಸಿ. ತಿಂಗಳಿಗೊಂದು ಹಿಡಿ ಎರೆಗೊಬ್ಬರ ಸಾಕು.

ಈ ಲೆಕ್ಕ ಪೇಟೆಯವರಿಗೆ ಮಾತ್ರ ಅಲ್ಲ. ಬೇಸಿಗೆಯಲ್ಲಿ ಹಿತ್ತಲು ಒಣಗಿದಾಗ ನಮ್ಮ ಜಗಲಿಯ ನಾಲ್ಕು ಕುಂಡಗಳು ಅಕ್ಕಿ ತೊಳೆದ ನೀರಲ್ಲೇ ಹಸಿರಾಗಿದ್ದವು. ಮಗಳು ಹೊಸ ಮಣ್ಣಿಗೆ ನೆಟ್ಟ ದೊಡ್ಡಪತ್ರೆ ಈಗ ಕುಂಡ ತುಂಬಿದೆ. ಕೈಗುಣದ ಮಾತು ಮತ್ತೆ ಎತ್ತಿಲ್ಲ.