ಪುಟ ಕಟ್ಟುವುದು ಕಷ್ಟವೇನಲ್ಲ!

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದು, ಅಡುಗೆಮನೆ ಒರೆಸಿ ಕುಳಿತರೆ ಮಕ್ಕಳು ಶಾಲೆಯಿಂದ ಬರುವವರೆಗೆ ಎರಡು ಗಂಟೆ ನಮ್ಮದೇ. ಧಾರಾವಾಹಿ ನೋಡಿ ನೋಡಿ ಸಾಕಾಗಿದೆಯೇ? ಮನೆಯಲ್ಲೊಂದು ಕಂಪ್ಯೂಟರ್ ಇದೆಯೇ? ಕನ್ನಡ ಟೈಪಿಂಗ್ ಅಲ್ಪಸ್ವಲ್ಪ ಬರುತ್ತದೆಯೇ? ಹಾಗಿದ್ದರೆ ಪುಟವಿನ್ಯಾಸ ಕಲಿಯಲು ಇನ್ನೇನೂ ಬೇಡ.

'ಅಯ್ಯೋ, ಅದೆಲ್ಲ ಕಂಪ್ಯೂಟರ್ ಓದಿದವರಿಗೆ ಕಣ್ರೀ, ನಮಗ್ಯಾಕೆ?' ಅಂತ ಮೂಗು ಮುರಿಯಬೇಡಿ. ನಾನೂ ಬಿ.ಎ. ಮಾಡಿದವಳೇ. ಮದುವೆಯ ಆಮಂತ್ರಣ, ಶಾಲೆಯ ವಾರ್ಷಿಕ ಸಂಚಿಕೆ, ಮಹಿಳಾ ಸಮಾಜದ ಸ್ಮರಣ ಸಂಚಿಕೆ, ಯಾರದೋ ಚೊಚ್ಚಲ ಕವನ ಸಂಕಲನ... ಇವನ್ನೆಲ್ಲ ಯಾರಾದರೂ ಕುಳಿತು ಪುಟ ಕಟ್ಟಲೇಬೇಕಲ್ಲ? ಆ ಯಾರೋ ಒಬ್ಬರು ನೀವೇ ಏಕಾಗಬಾರದು?

ಯಾವ ಸಾಫ್ಟ್‌ವೇರ್ ಕಲಿಯಲಿ?

ಡಿಟಿಪಿ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಎಂಬ ಕಂಪೆನಿ ಇದನ್ನು ತಂದಾಗ ಮೊಳೆ ಜೋಡಿಸುವ ಕೆಲಸ ಮೇಜಿನ ಮೇಲಿನ ಕಂಪ್ಯೂಟರ್‌ಗೆ ಬಂತು. 1994ರಲ್ಲಿ ಆಲ್ಡಸ್ ಅಡೋಬ್ ಕಂಪೆನಿಯ ಪಾಲಾಯಿತು. 1999ರಲ್ಲಿ ಅಡೋಬ್ ಇನ್‌ಡಿಸೈನ್ ತಂದಿತು. 2001ರ ಪೇಜ್‌ಮೇಕರ್ 7.0 ನಂತರ ಅದರ ದೊಡ್ಡ ಆವೃತ್ತಿ ಬರಲೇ ಇಲ್ಲ. ಹಾಗಾಗಿ ಈಗ ಹೊಸದಾಗಿ ಕಲಿಯುವವರು ಪೇಜ್‌ಮೇಕರ್ ಹಿಂದೆ ಹೋಗುವುದು ಬೇಡ.

ಇನ್‌ಡಿಸೈನ್‌ಗೆ ಚಂದಾ ಕಟ್ಟಬೇಕು. ಕಲಿಯುವಾಗಲೇ ಅಷ್ಟು ದುಡ್ಡು ಸುರಿಯುವುದು ಏಕೆ ಅನ್ನಿಸಿದರೆ ಸ್ಕ್ರೈಬಸ್ ಇದೆ. ಇದು ಪೂರ್ತಿ ಉಚಿತ. 2024ರಲ್ಲಿ ಬಂದ 1.6 ಅಥವಾ ಅದರ ನಂತರದ ಆವೃತ್ತಿಯನ್ನೇ ಹಾಕಿಕೊಳ್ಳಿ. 1.4ರಂಥ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಒಂದು ಕಲಿತರೆ ಇನ್ನೊಂದು ಕಷ್ಟವಲ್ಲ. ಹೆಸರು, ಗುಂಡಿಗಳು ಬೇರೆ ಇರಬಹುದು, ಕೆಲಸ ಒಂದೇ.

ಮೊದಲು ಚುಕ್ಕಿ, ಆಮೇಲೆ ಗೆರೆ

ಚುಕ್ಕಿ ಇಡದೆ ಗೆರೆ ಎಳೆದರೆ ರಂಗೋಲಿ ಸೊಟ್ಟಗಾಗುತ್ತದೆ ತಾನೇ? ಇಲ್ಲೂ ಹಾಗೆಯೇ. ಹೊಸ ಕಡತ ತೆರೆದ ಕೂಡಲೇ ಕಂಪ್ಯೂಟರ್ ಕೇಳುವ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡಿ.

ಪುಟದ ಅಳತೆ: ಎ4 ಅಂದರೆ 210 × 297 ಮಿಲಿಮೀಟರ್. ಅದನ್ನು ಮಧ್ಯಕ್ಕೆ ಮಡಿಸಿದರೆ ಎ5. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಅಳತೆಯಲ್ಲಿರುತ್ತವೆ, ಸುಮಾರು 5.5 × 8.5 ಇಂಚು. ಪ್ರೆಸ್‌ನವರನ್ನು ಕೇಳಿಯೇ ಅಳತೆ ಹಾಕಿ. ಕೆಲಸ ಮುಗಿದ ಮೇಲೆ ಅಳತೆ ಬದಲಿಸುವುದೆಂದರೆ ಹೊಲಿದ ರವಿಕೆ ಬಿಚ್ಚಿ ಮತ್ತೆ ಹೊಲಿದ ಹಾಗೆ!

ಅಂಚು: ನಾಲ್ಕೂ ಕಡೆ ಬಿಡುವ ಖಾಲಿ ಜಾಗ. ಪುಸ್ತಕವಾದರೆ ಹೊಲಿಗೆ ಬರುವ ಒಳಬದಿಗೆ ತುಸು ಜಾಸ್ತಿ ಬಿಡಿ. ಇಲ್ಲದಿದ್ದರೆ ಅಕ್ಷರಗಳು ಮಡಿಕೆಯೊಳಗೆ ಅಡಗಿಬಿಡುತ್ತವೆ.

ಕಾಲಂ: ಪತ್ರಿಕೆಯಂತೆ ಎರಡು, ಮೂರು ಪಟ್ಟಿ ಬೇಕೆಂದರೆ ಇಲ್ಲೇ ಹೇಳಿ.

ಪುಟಗಳ ಸಂಖ್ಯೆ: ಪಿನ್ ಹೊಡೆಯುವ ಪುಸ್ತಕವಾದರೆ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. 38 ಪುಟದ ಮ್ಯಾಟರ್ ಇದ್ದರೆ 40 ಮಾಡಿ. ಉಳಿದ ಎರಡು ಪುಟಕ್ಕೆ ಜಾಹೀರಾತು ಹುಡುಕಿ.

ಈ ಐದು ಟೂಲ್ ಸಾಕು

ಎಡಗಡೆಯ ಪೆಟ್ಟಿಗೆಯಲ್ಲಿ ಚಿಕ್ಕ ಚಿಕ್ಕ ಚಿತ್ರಗಳ ಸಾಲು ಕಂಡು ಗಾಬರಿಯಾಗಬೇಡಿ. ಮೊದಲ ತಿಂಗಳು ಐದನ್ನು ಮಾತ್ರ ಕಲಿಯಿರಿ. ಕೊಟ್ಟಿರುವ ಕೀಲಿಗಳು ಇನ್‌ಡಿಸೈನ್‌ನವು.

1. ಕಪ್ಪು ಬಾಣ (ವಿ): ಯಾವುದನ್ನಾದರೂ ಹಿಡಿಯಲು, ಸರಿಸಲು, ದೊಡ್ಡದು ಚಿಕ್ಕದು ಮಾಡಲು. ನಿಮ್ಮ ಬಲಗೈ ಇದ್ದ ಹಾಗೆ.

2. ಟೈಪ್ ಟೂಲ್ (ಟಿ): ಪುಟದ ಮೇಲೆ ಚೌಕ ಎಳೆದರೆ ಅಕ್ಷರಕ್ಕೊಂದು ಚೌಕಟ್ಟು ಸಿದ್ಧ. ಟೈಪ್ ಮಾಡಿ, ಇಲ್ಲವೇ ಬೇರೆಡೆ ಟೈಪ್ ಮಾಡಿದ್ದನ್ನು ತಂದು ಹಾಕಿ.

3. ಚಿತ್ರದ ಚೌಕಟ್ಟು (ಎಫ್): ಒಳಗೆ ಗುಣಾಕಾರದ ಗುರುತು ಇರುವ ಚೌಕ. ಫೋಟೊ ಕೂರುವುದು ಇದರಲ್ಲೇ. ಚೌಕ ಎಳೆದು ಕಂಟ್ರೋಲ್ ಡಿ ಒತ್ತಿದರೆ ಫೋಟೊ ಆರಿಸಿಕೊಳ್ಳಬಹುದು. ಅಳತೆ ಬದಲಿಸುವಾಗ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದುಕೊಂಡೇ ಎಳೆಯಿರಿ. ಇಲ್ಲದಿದ್ದರೆ ಚೌಕಟ್ಟಷ್ಟೇ ಬದಲಾಗುತ್ತದೆ, ಫೋಟೊ ಹಾಗೇ ಉಳಿಯುತ್ತದೆ.

4. ಗೆರೆ ಎಳೆಯುವ ಟೂಲ್: ಶಿಫ್ಟ್ ಹಿಡಿದು ಎಳೆದರೆ ಗೆರೆ ನೆಟ್ಟಗೆ ಬರುತ್ತದೆ.

5. ಭೂತಗನ್ನಡಿ (ಝಡ್): ಹತ್ತಿರದಿಂದ ನೋಡಲು. ಅಚ್ಚಿಗೆ ಕಳಿಸುವ ಮೊದಲು ಪ್ರತಿ ಪುಟವನ್ನೂ ಇದರಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೇಲೆ ಮತ್ತು ಪಕ್ಕದಲ್ಲಿ ಕಾಣುವ ಅಳತೆಪಟ್ಟಿಯಿಂದ ಮೌಸ್ ಒತ್ತಿ ಎಳೆದರೆ ಬಣ್ಣದ ಗೆರೆ ಬರುತ್ತದೆ. ಇದು ಅಚ್ಚಾಗುವುದಿಲ್ಲ, ಸಾಲು ಸರಿಯಾಗಿ ಕೂರಿಸಲು ಅಷ್ಟೇ. ಪುಟಸಂಖ್ಯೆಯನ್ನು ಒಂದೊಂದಾಗಿ ಟೈಪ್ ಮಾಡುತ್ತಾ ಕೂರಬೇಡಿ. ಮಾಸ್ಟರ್ ಪುಟದಲ್ಲಿ ಒಮ್ಮೆ ಹಾಕಿದರೆ ಎಲ್ಲ ಪುಟಕ್ಕೂ ತಾನೇ ಬರುತ್ತದೆ. ಹೊಸ ಇನ್‌ಡಿಸೈನ್‌ನಲ್ಲಿ ಇದಕ್ಕೆ ಪೇರೆಂಟ್ ಪುಟ ಎಂಬ ಹೆಸರು.

ಕನ್ನಡ ಯಾಕೆ ಒಡೆಯುತ್ತದೆ?

ವಾಟ್ಸಾಪ್‌ನಲ್ಲಿ ಬಂದ ಲೇಖನವನ್ನು ತಂದು ಹಾಕಿ ಹಳೆಯ ನುಡಿ ಫಾಂಟ್ ಆರಿಸಿದರೆ ಅಕ್ಷರದ ಬದಲು ಡಬ್ಬಿಗಳು ಕಾಣುವುದುಂಟು. ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ! ಮೊಬೈಲ್‌ನಲ್ಲಿ ಬರೆದದ್ದು ಯೂನಿಕೋಡ್. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು ಬೇರೆ ಪದ್ಧತಿಯವು. ಎರಡಕ್ಕೂ ಹೊಂದುವುದಿಲ್ಲ. ಒಂದೋ ಯೂನಿಕೋಡ್ ಫಾಂಟ್ ಬಳಸಿ, ಇಲ್ಲವೇ ನುಡಿ ಅಥವಾ ಬರಹ ತಂತ್ರಾಂಶದಲ್ಲಿರುವ ಪರಿವರ್ತಕದಿಂದ ಬದಲಿಸಿಕೊಳ್ಳಿ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ ಮುಂತಾದ ಯೂನಿಕೋಡ್ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ.

ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಫಾಂಟ್ ಇದ್ದೂ ಒತ್ತು ಕಿತ್ತುಹೋಗಿದೆಯೇ? ಪ್ಯಾರಾಗ್ರಾಫ್ ಪಟ್ಟಿಯ ಮೆನುವಿಗೆ ಹೋಗಿ 'ವರ್ಲ್ಡ್ ರೆಡಿ ಕಂಪೋಸರ್' ಆರಿಸಿ. ಆಮೇಲೆ ಸ್ತ್ರೀ, ರಾಷ್ಟ್ರ, ಕೃಷ್ಣ, ಸೂರ್ಯ ಎಂಬ ನಾಲ್ಕು ಪದ ಟೈಪ್ ಮಾಡಿ ನೋಡಿ. ಇವು ಸರಿಯಾಗಿ ಕುಳಿತರೆ ಮಿಕ್ಕದ್ದೂ ಕೂರುತ್ತದೆ.

ಇನ್ನೊಂದು ಮಾತು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಹಾಗಾಗಿ ಇಂಗ್ಲಿಷ್‌ಗಿಂತ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. 12 ಪಾಯಿಂಟ್ ಅಕ್ಷರಕ್ಕೆ 16 ಅಥವಾ 17 ಪಾಯಿಂಟ್ ಸಾಲಿನ ಅಂತರ ಕೊಟ್ಟು ನೋಡಿ. ಒಂದು ಪುಟ ಪ್ರಿಂಟ್ ತೆಗೆದು ಅತ್ತೆಯವರ ಕೈಗೆ ಕೊಡಿ. ಅವರು ಕಣ್ಣು ಕಿರಿದು ಮಾಡದೆ ಓದಿದರೆ ನಿಮ್ಮ ಪುಟ ಪಾಸ್!

ಕೆಂಪು ಗುರುತು ಕಲಿಸಿದ ಪಾಠ

ನಾನು ಮೊದಲು ಮಾಡಿದ್ದು ನಮ್ಮ ಬಡಾವಣೆಯ ಮಹಿಳಾ ಸಮಾಜದ ಸ್ಮರಣ ಸಂಚಿಕೆ. ಕೊನೆಯ ಪುಟದಲ್ಲಿ ದೇಣಿಗೆ ಕೊಟ್ಟವರ ಪಟ್ಟಿ, ಅಕಾರಾದಿಯಾಗಿ. ಪ್ರೆಸ್‌ಗೆ ಕಳಿಸುವ ಹಿಂದಿನ ರಾತ್ರಿ ಅಧ್ಯಕ್ಷೆ ಫೋನ್ ಮಾಡಿ, 'ಇನ್ನೆರಡು ಹೆಸರು ಸೇರಿಸಿಬಿಡಮ್ಮಾ' ಅಂದರು. ಪಟ್ಟಿಯ ನಡುವೆ ಸೇರಿಸಿದೆ. ಮಗನಿಗೆ ಜ್ವರ ಬೇರೆ. ಮತ್ತೆ ತಿರುಗಿ ನೋಡದೆ ಕಳಿಸಿಬಿಟ್ಟೆ.

ಸಮಾರಂಭದ ಹಿಂದಿನ ಸಂಜೆ 500 ಪ್ರತಿ ಬಂತು. ಹಪ್ಪಳ ಒತ್ತಿ ಜೀವನ ಮಾಡುವ ಅಜ್ಜಿಯೊಬ್ಬರು ಅಲ್ಲೇ ಹೂ ಕಟ್ಟುತ್ತಿದ್ದರು. ಅವರೂ ನೂರು ರೂಪಾಯಿ ಕೊಟ್ಟಿದ್ದರು. ಓದಲು ಬಾರದು. ಮೊಮ್ಮಗಳ ಕೈಗೆ ಪುಸ್ತಕ ಕೊಟ್ಟು, 'ನನ್ನ ಹೆಸರು ಎಲ್ಲೈತೆ ತೋರ್ಸು' ಅಂದರು. ಆ ಹುಡುಗಿ ಎರಡು ಸಲ ಪಟ್ಟಿ ಓದಿ ನನ್ನ ಮುಖ ನೋಡಿದಳು. ಕೊನೆಯ ಎರಡು ಹೆಸರು ಪುಟದಲ್ಲೇ ಇರಲಿಲ್ಲ!

ಆದದ್ದಿಷ್ಟೇ. ನಡುವೆ ಎರಡು ಸಾಲು ಸೇರಿದ್ದರಿಂದ ಕೊನೆಯ ಎರಡು ಸಾಲು ಚೌಕಟ್ಟಿನಿಂದ ಆಚೆ ಹೋಗಿ ಮರೆಯಾಗಿದ್ದವು. ಹೀಗಾದಾಗ ಚೌಕಟ್ಟಿನ ಕೆಳಗೆ ಬಲಮೂಲೆಯಲ್ಲಿ ಪುಟ್ಟ ಕೆಂಪು ಕೂಡುವ ಗುರುತು ಬರುತ್ತದೆ. ನಾನದನ್ನು ನೋಡಿರಲಿಲ್ಲ. ಅಜ್ಜಿ 'ಹೋಗ್ಲಿ ಬಿಡವ್ವ' ಅಂದರು. ಆದರೆ ನನಗೆ ಬಿಡಲಾಗಲಿಲ್ಲ. ಆ ರಾತ್ರಿ ಚೀಟಿ ಜೆರಾಕ್ಸ್ ಮಾಡಿಸಿ, ನಾನು, ನಮ್ಮವರು, ಪಕ್ಕದ ಮನೆಯಾಕೆ ಕುಳಿತು 500 ಪ್ರತಿಗೂ ಅಂಟಿಸಿದೆವು.

ಕೆಂಪು ಗುರುತು ಕಂಡರೆ ಚೌಕಟ್ಟನ್ನು ಕೆಳಕ್ಕೆ ಎಳೆಯಿರಿ. ಇಲ್ಲವೇ ಆ ಗುರುತಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮುಂದಿನ ಪುಟದ ಖಾಲಿ ಚೌಕಟ್ಟಿನ ಮೇಲೆ ಮತ್ತೆ ಕ್ಲಿಕ್ ಮಾಡಿ. ಉಳಿದ ಮ್ಯಾಟರ್ ಅಲ್ಲಿಗೆ ಹರಿಯುತ್ತದೆ. ಸ್ಕ್ರೈಬಸ್‌ನಲ್ಲಾದರೆ ಅದೇ ಮೂಲೆಯಲ್ಲಿ ಗುಣಾಕಾರದ ಗುರುತಿರುವ ಪುಟ್ಟ ಚೌಕ ಕಾಣುತ್ತದೆ.

ಪ್ರೆಸ್‌ಗೆ ಕಳಿಸುವ ಮುನ್ನ

* ಇನ್‌ಡಿಸೈನ್ ಪರದೆಯ ಕೆಳಗಿನ ಚುಕ್ಕಿ ಹಸಿರಾಗಿದೆಯೇ ನೋಡಿ. ಕೆಂಪಾಗಿದ್ದರೆ ಎಲ್ಲೋ ಮ್ಯಾಟರ್ ಅಡಗಿದೆ, ಇಲ್ಲವೇ ಫಾಂಟ್, ಫೋಟೊ ಕಾಣೆಯಾಗಿದೆ.
* ಫೋಟೊ ಪುಟದಲ್ಲಿ ಕೂರುವ ಅಳತೆಯಲ್ಲಿ ಇಂಚಿಗೆ 300 ಚುಕ್ಕಿ ಇರಲಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಪರದೆಯಲ್ಲಿ ಚೆಂದ ಕಂಡರೂ ಅಚ್ಚಿನಲ್ಲಿ ಮಸುಕಾಗಬಹುದು. ಮೂಲ ಫೋಟೊ ಇಮೇಲ್‌ನಲ್ಲಿ ಕೇಳಿ ಪಡೆಯಿರಿ.
* ಬಣ್ಣ ಪುಟದ ಅಂಚಿನವರೆಗೆ ಬರುವಂತಿದ್ದರೆ ಎಲ್ಲ ಕಡೆ 3 ಮಿಲಿಮೀಟರ್ ಹೊರಗೆ ಹೋಗಲಿ. ಕತ್ತರಿಸುವಾಗ ಬಿಳಿ ಗೆರೆ ಕಾಣುವುದಿಲ್ಲ.
* ಪ್ರೆಸ್‌ಗೆ ಪಿಡಿಎಫ್ ಮಾಡಿ ಕಳಿಸಿ. ಮೂಲ ಕಡತ ಕಳಿಸಿದರೆ ಅವರ ಬಳಿ ನಿಮ್ಮ ಫಾಂಟ್ ಇಲ್ಲದಿದ್ದಾಗ ಅಕ್ಷರ ಬದಲಾಗುತ್ತದೆ.
* ಕೊನೆಯ ಪ್ರೂಫ್ ಮೇಲೆ ಕೆಲಸ ಕೊಟ್ಟವರ ಸಹಿ ಹಾಕಿಸಿಕೊಳ್ಳಿ.
* ಹೆಸರಿನ ಪಟ್ಟಿ ಇದ್ದರೆ ಬೆರಳಿಟ್ಟು ಎಣಿಸಿ. ನಾಚಿಕೆ ಬೇಡ, ನಾನು ಈಗಲೂ ಎಣಿಸುತ್ತೇನೆ.

ದುಡ್ಡಿನ ಮಾತು

'ನಮ್ಮವರೇ ತಾನೇ' ಅಂತ ಸುಮ್ಮನಿರಬೇಡಿ. ಪುಟಕ್ಕೆ ಇಷ್ಟು, ಟೈಪಿಂಗ್‌ಗೆ ಬೇರೆ, ಎರಡು ಸಲ ತಿದ್ದುಪಡಿ ಉಚಿತ, ಮೂರನೆಯದಕ್ಕೆ ಹಣ ಅಂತ ಮೊದಲೇ ಮಾತಾಡಿಕೊಳ್ಳಿ. ಅಕ್ಕಪಕ್ಕದ ಡಿಟಿಪಿ ಅಂಗಡಿಯಲ್ಲಿ ದರ ವಿಚಾರಿಸಿದರೆ ನಿಮಗೊಂದು ಅಂದಾಜು ಸಿಗುತ್ತದೆ. ಮುಂಗಡ ಕೇಳುವುದರಲ್ಲಿ ತಪ್ಪೇನಿಲ್ಲ.

ಮತ್ತೇಕೆ ತಡ? ನಾಳೆ ಮಧ್ಯಾಹ್ನವೇ ಎ5 ಅಳತೆಯ ನಾಲ್ಕು ಪುಟ ತೆರೆಯಿರಿ. ಅಮ್ಮ ಮಾಡುವ ಗೊಜ್ಜು, ಅತ್ತೆ ಮಾಡುವ ಚಟ್ನಿಪುಡಿ, ಹೀಗೆ ನಾಲ್ಕು ಅಡುಗೆ ಬರೆದು, ಫೋಟೊ ಕೂರಿಸಿ, ಕೆಳಗೆ ಅವರ ಹೆಸರು ಹಾಕಿ ಪ್ರಿಂಟ್ ತೆಗೆಯಿರಿ. ಅಚ್ಚಿನಲ್ಲಿ ತಮ್ಮ ಹೆಸರು ಕಂಡಾಗ ಅವರ ಮುಖ ಹೇಗೆ ಅರಳುತ್ತದೆ, ನೀವೇ ನೋಡಿ!