ನಿರ್ದೇಶಕ ಮಂಡಳಿಗಳ ಮೇಲೆ ಪರಿಸರ ಸಂಘಟನೆಗಳ ಪ್ರಭಾವ

ಕಂಪನಿಯ ಧೋರಣೆಗಳನ್ನು ನಿರ್ಧರಿಸುವ ನಿರ್ದೇಶಕ ಮಂಡಳಿಯಲ್ಲಿ ಪರಿಸರ ವಿಷಯದ ತಿಳಿವಳಿಕೆಯುಳ್ಳವರು ಇರಬೇಕೆಂಬುದು ಪರಿಸರ ಸಂಘಟನೆಗಳ ಬೇಡಿಕೆಗಳಲ್ಲಿ ಒಂದು. ನಿರ್ದೇಶಕರನ್ನು ಷೇರುದಾರರು ಚುನಾಯಿಸುತ್ತಾರೆ. ಆದ್ದರಿಂದ ಮತಬಲವಿಲ್ಲದ ಸಂಘಟನೆಗಳು ಪಿಂಚಣಿ ನಿಧಿಗಳಂತಹ ದೊಡ್ಡ ಹೂಡಿಕೆದಾರರ ಮನವೊಲಿಸುವುದು ವಾಡಿಕೆ.

== ಎಕ್ಸಾನ್ ಪ್ರಕರಣ ==
1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬಂಡೆಗೆ ತಾಗಿ, ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸಮುದ್ರಕ್ಕೆ ಸೋರಿತು. ಪರಿಸರವಾದಿಗಳೂ ನ್ಯೂಯಾರ್ಕ್ ನಗರದ ಪಿಂಚಣಿ ನಿಧಿಗಳೂ ಒತ್ತಡ ತಂದ ಮೇಲೆ, ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಜಾನ್ ಸ್ಟೀಲ್ ಅದೇ ವರ್ಷ ಎಕ್ಸಾನ್ ಮಂಡಳಿಗೆ ನೇಮಕಗೊಂಡರು. ಆದರೆ ಸ್ಟೀಲ್ ಸಾಗರವಿಜ್ಞಾನಿಯೇ ಹೊರತು ಹೋರಾಟಗಾರರಲ್ಲ. ಒಂದು ಸ್ಥಾನ ದೊರೆತರೂ ಅದಕ್ಕೆ ಯಾರು ಬರಬೇಕೆಂಬ ಆಯ್ಕೆ ಕಂಪನಿಯ ಕೈಯಲ್ಲೇ ಉಳಿಯಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಪ್ರಕಟವಾದ 'ವಾಲ್ಡೀಜ್ ತತ್ತ್ವಗಳು' ಪರಿಸರ ಹಿತವನ್ನು ಪ್ರತಿನಿಧಿಸಬಲ್ಲ ಒಬ್ಬ ನಿರ್ದೇಶಕರಾದರೂ ಪ್ರತಿ ಮಂಡಳಿಯಲ್ಲಿರಬೇಕೆಂದು ಕೇಳಿದವು.

ಆಯ್ಕೆಯೇ ಷೇರುದಾರರ ಕೈಗೆ ಬಂದದ್ದು 2021ರಲ್ಲಿ. ಕೇವಲ ಶೇ. 0.02ರಷ್ಟು ಷೇರು ಹೊಂದಿದ್ದ 'ಎಂಜಿನ್ ನಂ. 1' ಎಂಬ ಹೂಡಿಕೆ ಸಂಸ್ಥೆ ಎಕ್ಸಾನ್‌ಮೊಬಿಲ್‌ನ 12 ಸ್ಥಾನಗಳಲ್ಲಿ ಮೂರನ್ನು ಗೆದ್ದಿತು. ಇದು ಪರಿಸರ ಸಂಘಟನೆಯಲ್ಲ, ಅದರ ವಾದವೂ ಮುಖ್ಯವಾಗಿ ಲಾಭನಷ್ಟದ್ದು. ಬ್ಲ್ಯಾಕ್‌ರಾಕ್, ವ್ಯಾನ್‌ಗಾರ್ಡ್‌ನಂತಹ ಬೃಹತ್ ಹೂಡಿಕೆದಾರರ ಮತಗಳಿಲ್ಲದೆ ಈ ಗೆಲುವು ಅಸಾಧ್ಯವಾಗಿತ್ತು.

== ಭಾರತದಲ್ಲಿ ==
2013ರ ಕಂಪನಿ ಕಾಯ್ದೆಯ 151ನೇ ಕಲಮಿನ ಪ್ರಕಾರ, ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಲ್ಲಿ ₹20,000ಕ್ಕೆ ಮೀರದ ಮುಖಬೆಲೆಯ ಷೇರು ಉಳ್ಳವರು ತಮ್ಮ ಪರವಾಗಿ ಒಬ್ಬ ನಿರ್ದೇಶಕರನ್ನು ಚುನಾಯಿಸಬಹುದು. 160ನೇ ಕಲಮಿನಡಿ ಹೊರಗಿನವರೂ 14 ದಿನ ಮೊದಲು ಸೂಚನೆ ನೀಡಿ, ₹1 ಲಕ್ಷ ಠೇವಣಿಯಿಟ್ಟು ಸ್ಪರ್ಧಿಸಬಹುದು. ಪ್ರವರ್ತಕರ ಬಳಿಯೇ ಬಹುಪಾಲು ಷೇರುಗಳಿರುವ ಕಂಪನಿಗಳಲ್ಲಿ ಈ ಹಕ್ಕು ಹೆಚ್ಚಾಗಿ ಕಾಗದದ ಮೇಲಿನದು.

ಆದ್ದರಿಂದ ಇಲ್ಲಿನ ಹೋರಾಟಗಳು ಮಂಡಳಿಯ ಹೊರಗೇ ನಡೆದಿವೆ. ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕೂಡ ಪಾಲುದಾರರಾಗಿದ್ದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಾಗ, ಸಮಾಜ ಪರಿವರ್ತನ ಸಮುದಾಯ ಅದನ್ನು ವಿರೋಧಿಸಿತು. ಶಿವರಾಮ ಕಾರಂತರೂ ಸೇರಿದಂತೆ ಹಲವರು ಸುಪ್ರೀಂ ಕೋರ್ಟಿನ ಮೊರೆಹೋದರು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹದಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಮರಗಳ ಸಸಿಗಳನ್ನು ನೆಟ್ಟರು. ಕಂಪನಿಯನ್ನು 1991ರಲ್ಲಿ ಮುಚ್ಚಲಾಯಿತು.